ಮೂರು ತುಂಡಿನ ಹೆಸರು

ಸ್ಮಾರ್ಟಿ ಎಂಬ ಪಿಎಚ್‌ಪಿ ಟೆಂಪ್ಲೇಟ್ ಎಂಜಿನ್ನಿನಲ್ಲಿ ಪ್ಲಗಿನ್‌ಗಳಿಗೆ ಹೆಸರಿಡುವ ರೀತಿಯನ್ನು ಹಳಿಯುವುದು ಈಗ ಜಾಣತನದ ಗುರುತಾಗಿಬಿಟ್ಟಿದೆ. ನನ್ನ ಮಟ್ಟಿಗೆ ಆ ಎಂಜಿನ್ನಿನಲ್ಲಿ ತಲೆ ಓಡಿಸಿ ಮಾಡಿದ ಭಾಗ ಅದೇ.

ಕಟ್ಟಳೆ ಗೊತ್ತಿರುವುದೇ. ಫೈಲಿಗೆ ಬಗೆ, ಚುಕ್ಕಿ, ಹೆಸರು. ಫಂಕ್ಷನ್ನಿಗೆ ಸ್ಮಾರ್ಟಿ, ಬಗೆ, ಹೆಸರು, ನಡುವೆ ಅಂಡರ್‌ಸ್ಕೋರ್. ಮಾಡಿಫೈಯರ್.ಟ್ರಂಕೇಟ್.ಪಿಎಚ್‌ಪಿ ಫೈಲಿನೊಳಗೆ ಇರುವುದು ಸ್ಮಾರ್ಟಿ_ಮಾಡಿಫೈಯರ್_ಟ್ರಂಕೇಟ್. ಎಲ್ಲಿಯೂ ನೋಂದಾಯಿಸಬೇಕಿಲ್ಲ, ನಮ್ಮ ಕಡೆ ಅಡ್ಡಹೆಸರು ಹುಲಕೋಟಿ ಅಂದರೆ ಊರು ಕೇಳಬೇಕಾಗಿಲ್ಲವಲ್ಲ, ಹಾಗೆ.

ಸೊಗಸು ಇರುವುದು ಒಡೆಯುವ ರೀತಿಯಲ್ಲಿ. ಮೂರನೇ ಆವೃತ್ತಿಯ ಲೋಡ್‌ಪ್ಲಗಿನ್, ಹೆಸರನ್ನು ಅಂಡರ್‌ಸ್ಕೋರ್ ಇದ್ದಲ್ಲಿ ಕತ್ತರಿಸುತ್ತದೆ, ಆದರೆ ಮೂರೇ ತುಂಡು. ಮೂರನೆಯದರೊಳಗೆ ಎಷ್ಟು ಅಂಡರ್‌ಸ್ಕೋರ್ ಇದ್ದರೂ ಮುಟ್ಟುವುದಿಲ್ಲ. ಆದ್ದರಿಂದ ಎಚ್‌ಟಿಎಂಎಲ್_ಆಪ್ಶನ್ಸ್ ಬದುಕಿಕೊಳ್ಳುತ್ತದೆ. ನಡುವಿನ ತುಂಡಿಗೆ ಆ ಸ್ವಾತಂತ್ರ್ಯವಿಲ್ಲ. ಔಟ್‌ಪುಟ್‌ಫಿಲ್ಟರ್, ಮಾಡಿಫೈಯರ್‌ಕಂಪೈಲರ್ ಎಂದು ಬಗೆಯ ಹೆಸರುಗಳನ್ನು ಒತ್ತೊತ್ತಿ ಬರೆದಿರುವುದನ್ನು ಕಂಡು ನಗುವವರು ಈ ಒಂದು ಸಾಲನ್ನು ಓದಿಲ್ಲ.

ಕಟ್ಟಳೆ ಮುರಿದವರು ಕಟ್ಟಳೆ ಮಾಡಿದವರೇ. ಅದೇ ಮೂರನೇ ಆವೃತ್ತಿಯ ಶೇರ್ಡ್.ಎಸ್ಕೇಪ್_ಸ್ಪೆಷಲ್_ಚಾರ್ಸ್.ಪಿಎಚ್‌ಪಿ ತೆರೆಯಿರಿ: ಒಳಗಿರುವುದು ಸ್ಮಾರ್ಟಿ_ಫಂಕ್ಷನ್_ಎಸ್ಕೇಪ್_ಸ್ಪೆಷಲ್_ಚಾರ್ಸ್. ಹೆಸರು ನಂಬಿ ಹೋದವನು ಫಂಕ್ಷನ್ ಎಂದು ಶುರುವಾಗುವ ಫೈಲು ಹುಡುಕುತ್ತಾನೆ, ಸಿಗುವುದಿಲ್ಲ. ಪಕ್ಕದ ಶೇರ್ಡ್.ಮೇಕ್_ಟೈಮ್‌ಸ್ಟ್ಯಾಂಪ್.ಪಿಎಚ್‌ಪಿ ಫೈಲಿನಲ್ಲಾದರೋ ಬಗೆಯೇ ಮಾಯ: ಬರೀ ಸ್ಮಾರ್ಟಿ_ಮೇಕ್_ಟೈಮ್‌ಸ್ಟ್ಯಾಂಪ್. ಒಂದೇ ಮನೆಯಲ್ಲಿ ಎರಡು ಬಗೆಯ ತಪ್ಪು. ಇದನ್ನು ಸಮರ್ಥಿಸಲು ನನ್ನ ಬಳಿ ಮಾತಿಲ್ಲ.

ಆದರೆ ಟ್ವಿಗ್ ಎಂಬ ಇನ್ನೊಂದು ಪಿಎಚ್‌ಪಿ ಟೆಂಪ್ಲೇಟ್ ಎಂಜಿನ್ನಿನ ಪಕ್ಷದ ವಿಮರ್ಶಕರು ಬೈಯುವುದು ಇದನ್ನಲ್ಲ. ಕ್ಲಾಸು ಬರೆದು, ಅದರಲ್ಲಿ ಪ್ರತಿ ಫಿಲ್ಟರನ್ನೂ ಹೆಸರು ಹಿಡಿದು ಸಾರುವುದೇ ನಾಗರಿಕತೆ ಎಂಬುದು ಅವರ ವಾದ. 2024ರ ಐದನೇ ಆವೃತ್ತಿಯಲ್ಲಿ ಸ್ಮಾರ್ಟಿಯೂ ಎಕ್ಸ್‌ಟೆನ್ಶನ್ ದಾರಿ ಹಿಡಿದು ಪ್ಲಗಿನ್ ಫೋಲ್ಡರನ್ನು ಬದಿಗೆ ಸರಿಸಿದಾಗ ಗೆದ್ದೆವೆಂದು ಬೀಗಿದರು. ಅದರ ಡಿಫಾಲ್ಟ್ ಎಕ್ಸ್‌ಟೆನ್ಶನ್ ಬಿಚ್ಚಿ ನೋಡಿದರೆ ಉದ್ದನೆಯ ಸ್ವಿಚ್; 'ಕ್ಯಾಪಿಟಲೈಸ್' ಕೇಳಿದರೆ ಅದು ಕೊಡುವ ಮೆಥಡ್ಡಿನ ಹೆಸರು ಸ್ಮಾರ್ಟಿ_ಮಾಡಿಫೈಯರ್_ಕ್ಯಾಪಿಟಲೈಸ್. ಹಳೆಯ ಹೆಸರು ಹಾಗೇ ಇದೆ, ಜೊತೆಗೆ ಮಾಡಬೇಕಿಲ್ಲದ ಒಂದು ಪಟ್ಟಿ. ಇದು ಯಾವ ಗೆಲುವು?

ಅವರು ಎತ್ತಬೇಕಿದ್ದ ಆಕ್ಷೇಪ ಬೇರೆ. ಹುಲಕೋಟಿಯ ರೂರಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತ ಹುಡುಗಿಯೊಬ್ಬಳು ಸಹಕಾರಿ ಸಂಘವೊಂದರ ಜಾಲತಾಣಕ್ಕೆ ತಿಂಗಳ ಹೆಸರನ್ನು ಕನ್ನಡದಲ್ಲಿ ತೋರಿಸುವ ಮಾಡಿಫೈಯರ್ ಬರೆಯುತ್ತಾಳೆ ಅನ್ನಿ. ಅದಕ್ಕೆ ಕನ್ನಡ ಲಿಪಿಯಲ್ಲೇ ಹೆಸರಿಟ್ಟರೆ ಪಿಎಚ್‌ಪಿ ತಕರಾರು ಮಾಡುವುದಿಲ್ಲ. ಫಂಕ್ಷನ್ ಹೆಸರಿನಲ್ಲಿ ಕನ್ನಡಾಕ್ಷರಕ್ಕೆ ಅಲ್ಲಿ ಜಾಗವಿದೆ. ತಡೆಯುವುದು ಸ್ಮಾರ್ಟಿಯ ಟೆಂಪ್ಲೇಟ್ ಲೆಕ್ಸರ್. ಅದಕ್ಕೆ ರೋಮನ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಇದ್ದರಷ್ಟೇ ಹೆಸರು. ಟ್ವಿಗ್‌ನ ಲೆಕ್ಸರ್ ಪಿಎಚ್‌ಪಿಯ ಉದಾರ ನಿಯಮವನ್ನೇ ಪಾಲಿಸುತ್ತದೆ, ಕನ್ನಡದ ಹೆಸರನ್ನು ಒಪ್ಪಿಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ಟ್ವಿಗ್ ಮೇಲು, ಮತ್ತು ಅದರ ವಕೀಲರು ಇದನ್ನೇ ಹೇಳುವುದಿಲ್ಲ.