ಮುತ್ಯಾನ ಕತ್ತಿಗೆ ಹೊಳಪು ಯಾಕೆ?

ಹಿರಿಯರ ಕ್ಷೌರದ ಕತ್ತಿ ಕೈಗೆ ಬಂದರೆ ಕಲಬುರಗಿಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ‘ಸಾಣಿ ಹಿಡಸ್ರಿ, ಕನ್ನಡಿ ಆಗ್ತದ.’ ಈ ಸಲಹೆ ಗಳಿಸಿರುವ ಹೆಸರು ಅದರ ಯೋಗ್ಯತೆಗೆ ಬಹಳ ಹೆಚ್ಚಾಯಿತು. ಕಮಲಾಪುರದ ಹಳೇ ಮನೆಯ ಟ್ರಂಕಿನಲ್ಲಿ ಸಿಕ್ಕ ಮುತ್ಯಾನ ಉಸ್ತರಾವನ್ನು ನಾನೂ ಆ ಮಾತು ನಂಬಿ ಕುಡಗೋಲು, ಕೊಡಲಿ ಮಸೆಯುವ ಚಕ್ರಕ್ಕೆ ಕೊಟ್ಟೆ. ಬೆಳ್ಳಿಯಂತೆ ಹೊಳೆಯುತ್ತ ಮರಳಿತು. ತುದಿಯಲ್ಲಿ ಮಾತ್ರ ಕಡಲೆಬೇಳೆಯಷ್ಟು ಜಾಗ ನೀಲಿ ತಿರುಗಿತ್ತು.

ನೀಲಿ ಎಂದರೆ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿದೆ ಎಂದು ಅರ್ಥ. ಇಂಥ ಕತ್ತಿಗೆ ಹದ ಕೊಡುವುದು 200 ಡಿಗ್ರಿಯ ಆಸುಪಾಸಿನಲ್ಲಿ. ಅದನ್ನು ದಾಟಿ ಕಾದ ಅಲಗು ಮೆತ್ತಗಾಗುತ್ತದೆ, ಮಸೆದರೂ ಹರಿತ ನಿಲ್ಲುವುದಿಲ್ಲ. ಕುಡಗೋಲಿನ ದಪ್ಪ ಅಲಗು ತಾಳುವ ಬಿಸಿಯನ್ನು ಎರಡೂ ಬದಿ ಟೊಳ್ಳಾಗಿ ಅರೆದ ಕ್ಷೌರದ ಕತ್ತಿ ತಾಳಲಾರದು.

ಹೊಳಪನ್ನೇ ಸ್ವಚ್ಛತೆ ಎಂದು ತಿಳಿದದ್ದು ಮೂಲ ತಪ್ಪು. ಕೆಂಪು ತುಕ್ಕು ಹೋಗಲೇಬೇಕು, ಅದು ಉಕ್ಕನ್ನು ತಿನ್ನುತ್ತಲೇ ಇರುತ್ತದೆ. ವರ್ಷಗಟ್ಟಲೆ ಕೂತ ಕಪ್ಪು ಛಾಯೆಯಿಂದ ಯಾರಿಗೂ ಕೇಡಿಲ್ಲ, ಉಕ್ಕಿಗೆ ಅಷ್ಟಿಷ್ಟು ಕಾಪೂ ಹೌದು. ನೋಡಬೇಕಾದದ್ದು ತುಕ್ಕಿನ ಗುಳಿಗಳು ಕತ್ತಿಯ ಬಾಯಿವರೆಗೆ ಇಳಿದಿವೆಯೇ ಎಂಬುದನ್ನು. ಇಳಿದಿದ್ದರೆ ಅಲ್ಲಿ ಅಲಗು ಮುಕ್ಕಾಗುತ್ತದೆ. ತುಕ್ಕು ಒರೆಸಲು ಹೊಲಿಗೆ ಯಂತ್ರದ ಎಣ್ಣೆ ಎರಡು ತೊಟ್ಟು, ಮೆತ್ತನೆಯ ಬಟ್ಟೆ ಸಾಕು. ನಮ್ಮ ಕಡೆ ಮೊದಲು ಕೈಗೆ ಸಿಗುವುದು ಕುಸುಬಿ ಎಣ್ಣೆ. ಅದನ್ನು ಹಚ್ಚಬಾರದು. ಗಾಳಿಗೆ ಅಂಟಾಗಿ ಒಣಗುವ ಎಣ್ಣೆ ಅದು, ಹಿಡಿಯ ಸಂದಿಯಲ್ಲಿ ಕೂತರೆ ಕತ್ತಿ ಮಡಚಲು ಬರುವುದಿಲ್ಲ. ಹಿಡಿ ಕೊಂಬಿನದಾದರೆ ಕುದಿಯುವ ನೀರೂ ಬೇಡ. ಸೋಪಿನಿಂದ ತೊಳೆದು, ಸ್ಪಿರಿಟ್ ಒರೆಸಿ, ಪೂರ್ತಿ ಒಣಗಿಸಬೇಕು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೂ ಕನಿಷ್ಠ 7 ದಿನ ಬದುಕುತ್ತದೆ. ಕಟಿಂಗ್ ಅಂಗಡಿಗಳು ಉಸ್ತರಾ ಬಿಟ್ಟು ಅರ್ಧ ಬ್ಲೇಡಿಗೆ ಬಂದದ್ದು ಸರಿಯೇ. ಅಷ್ಟು ಒಪ್ಪುತ್ತೇನೆ.

ಆದರೆ ಕಲ್ಲಿನ ವಿದ್ಯೆ ಮರೆಯಾದದ್ದನ್ನು ಒಪ್ಪಲಾರೆ. ನುಣುಪು ಕಂಡು ಶಹಾಬಾದಿನ ಫರಸಿಯ ಮೇಲೆ ಕತ್ತಿ ತೀಡುವವರಿಗೆ ಹೇಳಬೇಕು: ಅದು ಸುಣ್ಣಕಲ್ಲು, ಉಕ್ಕಿಗಿಂತ ಮೆದು, ಅದರಿಂದ ಬಾಯಿ ಬರುವುದಿಲ್ಲ. ಬೇಕಾದದ್ದು ಸಪಾಟಾದ ನಯವಾದ ಮಸೆಗಲ್ಲು. ಮೊದಲು 1000 ನಂಬರಿನದು, ಆಮೇಲೆ 4000, 8000. ಕತ್ತಿಯನ್ನು ಅಡ್ಡ ಮಲಗಿಸಿದರೆ ಬೆನ್ನೂ ಬಾಯಿಯೂ ಒಟ್ಟಿಗೇ ಕಲ್ಲನ್ನು ಮುಟ್ಟುತ್ತವೆ. ಇಲ್ಲಿಯೇ ಈ ಸಾಧನದ ಜಾಣತನವೆಲ್ಲ ಇದೆ. ಅಡುಗೆ ಚಾಕುವಿನ ಓರೆಯನ್ನು ಕೈ ಅಂದಾಜಿನಲ್ಲಿ ಹಿಡಿಯಬೇಕು. ಉಸ್ತರಾದ ಓರೆಯನ್ನು ಅದರ ಬೆನ್ನಿನ ದಪ್ಪವೇ ಹಿಡಿದುಕೊಡುತ್ತದೆ. ಮಾಡಿದವನು ಹಾಕಿಟ್ಟ ಲೆಕ್ಕ ಅದು. ಚಕ್ರ ಬೆನ್ನನ್ನು ಅರೆದರೆ ಕಳೆದುಹೋಗುವುದು ಆ ಲೆಕ್ಕವೇ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಸರಿಯಬೇಕು, ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿ ಹಿಂದಿರುಗಬೇಕು. ಭಾರ ಕತ್ತಿಯದ್ದಷ್ಟೇ, ಕೈಯದ್ದು ಕೂಡದು. ಚರ್ಮದ ಪಟ್ಟಿಯ ಮೇಲೆ ಇದೇ ನಡೆ ತಿರುಗುಮುರುಗು: ಬೆನ್ನು ಮುಂದೆ, ಬಾಯಿ ಹಿಂದೆ. ಒಮ್ಮೆ ಮರೆತರೆ ಚರ್ಮವೂ ಸೀಳುತ್ತದೆ, ಬಾಯಿಯೂ ಹೋಗುತ್ತದೆ. ಪಟ್ಟಿ ಸಡಿಲವಿದ್ದರೆ ಬಾಯಿ ದುಂಡಗಾಗುತ್ತದೆ. ಅದಕ್ಕೇ ಮುತ್ಯಾ ಪಟ್ಟಿಯ ಒಂದು ತುದಿಯನ್ನು ಕಿಟಕಿಯ ಸಲಾಕೆಗೆ ಕಟ್ಟಿ, ಇನ್ನೊಂದನ್ನು ಬಿಗಿಯಾಗಿ ಎಳೆದು ಹಿಡಿಯುತ್ತಿದ್ದ.

ಈ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲವೇಕೆ ಎಂದು ಕೇಳಿದರೆ ಕ್ಷೌರಿಕ ಸಮುದಾಯ ತನ್ನವನೆನ್ನುವ ಶರಣ ಹಡಪದ ಅಪ್ಪಣ್ಣನ ಬಗೆಗಿನ ಜಗಳಕ್ಕೆ ಹೋಗಬೇಕಾಗುತ್ತದೆ. ಹಡಪವೆಂದರೆ ಎಲೆ ಅಡಿಕೆಯ ಚೀಲ, ಅಪ್ಪಣ್ಣ ಬಸವಣ್ಣನವರಿಗೆ ತಾಂಬೂಲ ಕೊಡುತ್ತಿದ್ದವನು, ಅಷ್ಟೇ ಎಂದು ವಾದಿಸುವವರಿದ್ದಾರೆ. ತಾಂಬೂಲದ ಚೀಲಕ್ಕೆ ಹಡಪ ಎನ್ನುವುದು ನಿಜ. ಕ್ಷೌರಿಕನ ಚೀಲಕ್ಕೂ ಅದೇ ಹೆಸರು, ಅದೂ ಅಷ್ಟೇ ನಿಜ. ಎರಡನೆಯದನ್ನು ಮಾತ್ರ ಬದಿಗೆ ತಳ್ಳುವ ಆತುರದಲ್ಲಿ ನನಗೆ ಕಾಣುವುದು ಕತ್ತಿಯ ಬಗೆಗಿನ ಹಳೆಯ ಮುಜುಗರವೇ ಹೊರತು ಶಬ್ದಾರ್ಥದ ಕಾಳಜಿ ಅಲ್ಲ. ಜಯಂತಿಯ ದಿನ ಅಪ್ಪಣ್ಣನ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಆ ಸಮುದಾಯದ ಕೈ ಬಲ್ಲ ಕೆಲಸವನ್ನು ವಿದ್ಯೆ ಎಂದು ಕರೆಯಲು ನಮ್ಮ ಪಂಡಿತರ ನಾಲಿಗೆ ಇನ್ನೂ ಹೊರಳುವುದಿಲ್ಲ. ರಾಶಿಯ ಕಾಲಕ್ಕೆ ಕಣದಲ್ಲಿ ನಿಂತು ಆಯದ ಜೋಳ ತಂದವರಿಗೆ ಗೊತ್ತಿದ್ದದ್ದು ಅವರ ಜತೆಗೇ ಹೋಗುತ್ತಿದೆ.

ಹನ್ನೆರಡು ಸಂಜೆ ಕಲ್ಲಿಗೆ ಕೂತೆ. ಕ್ಷೌರದ ಮೊದಲ ದಿನ ಬಲಗೆನ್ನೆಯೊಂದನ್ನೇ, ಬಿಸಿನೀರಿನಲ್ಲಿ ಚೆನ್ನಾಗಿ ನೆನೆಸಿ, ಕೂದಲು ಮಲಗಿದ ದಿಕ್ಕಿನಲ್ಲೇ ಮಾಡಿಕೊಂಡೆ. ಗಾಯವಾಗಲಿಲ್ಲ. ನೀಲಿ ತಿರುಗಿದ ತುದಿ ಈಗಲೂ ಹರಿತ ಹಿಡಿಯುವುದಿಲ್ಲ. ಅದನ್ನು ಬಿಟ್ಟು ಉಳಿದ ಮೂರು ಬೆರಳಗಲದಲ್ಲೇ ಕ್ಷೌರ ಮಾಡಿಕೊಳ್ಳುತ್ತೇನೆ.