ಗಡಿಯ ತರಗತಿಗೆ ಯಾವ ತಂತ್ರಜ್ಞಾನ?

ಅಧ್ಯಾಪಕರಿಗೆ ತಂತ್ರಜ್ಞಾನ ಕಲಿಸುವ ತರಬೇತಿಗಳು ಹೆಚ್ಚಬೇಕು ಅಂತ ಈ ಗೋಷ್ಠಿಯಲ್ಲಿ ಕೇಳಿದೆವು. ಹೆಚ್ಚಲಿ. ಆದರೆ ಅವು ಎಲ್ಲಿಂದ ಶುರುವಾಗುತ್ತವೆ ಅನ್ನೋದರ ಬಗ್ಗೆ ನನಗೆ ತಕರಾರಿದೆ.

ಜಹೀರಾಬಾದ್, ನಾರಾಯಣಖೇಡ್, ತಾಂಡೂರುಗಳನ್ನೇ ತಗೊಳ್ಳಿ. 1956ರ ನವೆಂಬರ್ 1ರವರೆಗೆ ಮೊದಲೆರಡು ತಾಲ್ಲೂಕುಗಳು ಬೀದರ್ ಜಿಲ್ಲೆಯವು, ತಾಂಡೂರು ಗುಲ್ಬರ್ಗಾ ಜಿಲ್ಲೆಯದು. ರಾಜ್ಯ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಪ್ರದೇಶಕ್ಕೆ ಸೇರಿದವು, ಈಗ ತೆಲಂಗಾಣದಲ್ಲಿವೆ. ಗಡಿ ಬದಲಾಯಿತು, ಎಷ್ಟೋ ಮನೆಗಳ ಮಾತು ಬದಲಾಗಲಿಲ್ಲ. ಮನೆಯಲ್ಲಿ ಕನ್ನಡ ಆಡುವ, ಆದರೆ ತೆಲುಗು ಲಿಪಿಯಷ್ಟೇ ಓದಬಲ್ಲ ಹುಡುಗಿ ಇಂಥ ಕಡೆ ಕಾಲೇಜಿಗೆ ಬಂದರೆ, ಅವಳಿಗೆ ವಚನದ ಪಾಠ ಮಾಡೋದು ಹೇಗೆ?

ಮಿಶ್ರಾ ಮತ್ತು ಕೋಹ್ಲರ್ 2006ರಲ್ಲಿ ಮಂಡಿಸಿದ ಚೌಕಟ್ಟು ನಮಗೆ ಗೊತ್ತಿರೋದೇ: ವಿಷಯ, ಬೋಧನೆ, ತಂತ್ರಜ್ಞಾನ ಮೂರರ ತಿಳಿವೂ ಒಂದರೊಳಗೊಂದು ಬೆರೆಯಬೇಕು. ನಮ್ಮ ತರಬೇತಿಗಳಲ್ಲಿ ಸಾಮಾನ್ಯವಾಗಿ ಮೂರನೆಯದೊಂದೇ ಉಳಿಯುತ್ತೆ. ಸ್ಲೈಡು, ಕ್ವಿಜ್, ವಿಡಿಯೊ ಮಾಡೋದು ಕಲಿಸ್ತಾರೆ. ಪಾಠದ ತೊಡಕು ಏನು ಅಂತ ಕೇಳೋದಿಲ್ಲ.

ಕೇಳಿದ್ದರೆ ಉತ್ತರ ಹತ್ತಿರದಲ್ಲೇ ಇತ್ತು. ಯೂನಿಕೋಡ್‌ನಲ್ಲಿ ತೆಲುಗಿಗೆ 128 ಸ್ಥಾನ. ಅದು ಮುಗಿದಲ್ಲೇ ಕನ್ನಡದ 128 ಶುರು. ಎರಡರಲ್ಲೂ ಬಹುಪಾಲು ಅಕ್ಷರಗಳ ಕ್ರಮ ಒಂದೇ. ಹಾಗಾಗಿ ಕನ್ನಡ ಪಠ್ಯವನ್ನು ತೆಲುಗು ಲಿಪಿಗೆ ತರೋದು ಕಂಪ್ಯೂಟರಿಗೆ ಸುಲಭದ ಕೆಲಸ. ‘ಅಕ್ಷರಮುಖ’ದಂಥ ಉಚಿತ ಸಾಧನಗಳೂ ಇವೆ. ಆದರೆ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಟಿಪ್ಪಣಿಗಳಿಗೆ ಇದು ನೇರವಾಗಿ ಆಗೋದಿಲ್ಲ. ತೆರೆಯ ಮೇಲೆ ಕನ್ನಡ ಕಂಡರೂ ಕಡತದೊಳಗೆ ಇರೋದು ಬೇರೆ ಸಂಕೇತ. ಮೊದಲು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಅಧ್ಯಾಪಕರಿಗೆ ಬೇಕಾದ ಮೊದಲ ತರಬೇತಿ ಇದು.

ಹೀಗೆ ಮಾಡಿದರೆ ಕನ್ನಡ ಲಿಪಿಯೇ ಮರೆತುಹೋಗುತ್ತೆ ಅನ್ನುವ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೇ ಎರಡೂ ಲಿಪಿಗಳನ್ನು ಅಕ್ಕಪಕ್ಕ ಅಚ್ಚು ಹಾಕಿ ಕೊಡಬೇಕು. ಮಾತು ಗೊತ್ತಿದೆ, ಅಕ್ಷರಗಳ ರೂಪವೂ ಹತ್ತಿರದ್ದು; ತೆಲುಗಿನ ಸಾಲು ಹಿಡಿದು ಅವಳು ಕನ್ನಡದ ಸಾಲಿಗೆ ಬರಬಹುದು. ಲಿಪ್ಯಂತರ ಅರ್ಥವನ್ನೇನೂ ಹೇಳೋದಿಲ್ಲ. ವಚನದ ಅರ್ಥ ಬಿಡಿಸೋಕೆ ಮೇಷ್ಟ್ರೇ ಬೇಕು. ಓದಿ ಹೇಳುವುದರಲ್ಲೇ ಕಳೆಯುತ್ತಿದ್ದ ಹೊತ್ತು ಅದಕ್ಕೆ ಸಿಗುತ್ತೆ.

ನನ್ನ ಸೂಚನೆ ಇಷ್ಟೇ. ತರಬೇತಿಗೆ ಬರುವ ಪ್ರತಿ ಅಧ್ಯಾಪಕರೂ ತಮ್ಮ ವಿದ್ಯಾರ್ಥಿಗಳು ಎಡವುವ ಒಂದು ಪಾಠ ತರಲಿ. ಸಾಧನವನ್ನು ಆಮೇಲೆ ಆರಿಸೋಣ. ಕೊನೆಗೆ ಎಷ್ಟು ಪ್ರಮಾಣಪತ್ರ ಕೊಟ್ಟೆವು ಅಂತ ಎಣಿಸೋದು ಬೇಡ. ಆ ಹುಡುಗಿ ವಚನವನ್ನು ತಾನೇ ಓದಿದಳಾ ಅಂತ ನೋಡೋಣ.