ಬತ್ತಿಗೆ ಬಿಳುಪು ಬೇಡ

ಕಳೆದ ವಾರ ಮಾತು ಕೊಟ್ಟಂತೆ ಈ ಸಲ ಎಣ್ಣೆಯ ಬಗ್ಗೆ ಬರೆಯಬೇಕಿತ್ತು. ಔಡಲೆಣ್ಣೆ ಮೇಲೋ ಎಳ್ಳೆಣ್ಣೆ ಮೇಲೋ ಎಂಬ ಹಳೆಯ ಜಗಳವನ್ನು ಇತ್ಯರ್ಥ ಮಾಡುವ ಉಮೇದಿನಲ್ಲೇ ಕುಳಿತಿದ್ದೆ. ಆದರೆ ದೀಪಾವಳಿ ಬಾಗಿಲಿಗೆ ಬಂದಿದೆ. ಭೀಮರಾಯನಗುಡಿಯ ಸುತ್ತ ಎರಿಹೊಲಗಳಲ್ಲಿ ಹತ್ತಿ ಒಡೆದು ನಿಂತಿದೆ. ಶಹಾಪುರದ ಪೂಜಾ ಸಾಮಾನಿನ ಅಂಗಡಿಗಳಲ್ಲಿ ಮಾತ್ರ ಎಲ್ಲಿಂದಲೋ ಬಂದ ಪ್ಲಾಸ್ಟಿಕ್ ಪೊಟ್ಟಣದ ಬತ್ತಿಗಳು ಸಾಲಾಗಿ ತೂಗುತ್ತಿವೆ. ಹತ್ತಿ ಬೆಳೆಯುವವರೇ ಹತ್ತಿಯ ಬತ್ತಿಯನ್ನು ಕೊಂಡು ತರುತ್ತಿದ್ದಾರೆ. ಇದನ್ನು ನೋಡಿಕೊಂಡು ಎಣ್ಣೆಯ ಮಾತಿಗೆ ಕೈ ಹೋಗಲಿಲ್ಲ. ಎಣ್ಣೆ ಮುಂದಿನ ವಾರ.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಹಟ ಗೊತ್ತು. ದೀಪಕ್ಕೆ ಹಾಕುವ ಅರಳಿಯನ್ನು ಕುದಿಸಿರಬಾರದು, ಬಿಳಿ ಮಾಡಿರಬಾರದು. ಬೆಳ್ಳಗಿದ್ದಷ್ಟೂ ಶುದ್ಧ ಎನ್ನುವ ಪಂಗಡದವರು ಇದಕ್ಕೆ ಒಪ್ಪುವುದಿಲ್ಲ. ಔಷಧಿ ಅಂಗಡಿಯ ಹತ್ತಿಯ ಸುರುಳಿ ತಂದು, ಹರಿದು, ಹೊಸೆದು, ದೇವರ ಮುಂದೆ ಇಟ್ಟರೆ ಅದಕ್ಕಿಂತ ಮಡಿ ಯಾವುದು ಎಂದು ಅವರು ಕೇಳುತ್ತಾರೆ. ಮಡಿಯ ವಿಚಾರ ಅವರಿಗೇ ಬಿಡೋಣ. ಉರಿಯುವ ವಿಚಾರದಲ್ಲಿ ಅವರದು ತಪ್ಪು ಲೆಕ್ಕ.

ಹತ್ತಿಯ ಪ್ರತಿ ಎಳೆಯ ಮೇಲೂ ಹುಟ್ಟಿನಿಂದಲೇ ತೆಳ್ಳನೆಯ ಮೇಣದ ಪೊರೆ ಇರುತ್ತದೆ. ತೂಕದಲ್ಲಿ ಅದು ನೂರಕ್ಕೆ ಒಂದು ಪಾಲು ಕೂಡ ಬರಲಿಕ್ಕಿಲ್ಲ, ಆದರೆ ಕೆಲಸವೆಲ್ಲ ಅದರದೇ. ಗಿಡದಿಂದ ಬಿಡಿಸಿದ ಹತ್ತಿಯಿಂದ ಕಾಳು ತೆಗೆದು, ಚಿಟಿಕೆಯಷ್ಟು ಅರಳಿಯನ್ನು ನೀರಿನ ಬಟ್ಟಲಲ್ಲಿ ಬಿಡಿ. ತೇಲುತ್ತಲೇ ಇರುತ್ತದೆ, ಬೆರಳಿನಿಂದ ಒತ್ತಿದರೂ ಮತ್ತೆ ಮೇಲಕ್ಕೆ ಬರುತ್ತದೆ. ಪಕ್ಕದಲ್ಲೇ ಆಸ್ಪತ್ರೆಯ ಹತ್ತಿ ಬಿಡಿ. ನೋಡುತ್ತಿದ್ದಂತೆ ನೀರು ಕುಡಿದು ಮುಳುಗುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಬಿಳುಪು ಕೊಟ್ಟು, ಮೇಣವನ್ನೆಲ್ಲ ತೊಳೆದು ಹಾಕಿದ ಹತ್ತಿ ಅದು. ಗಾಯದ ರಕ್ತ ಹೀರಲು ಅಂಥದ್ದೇ ಬೇಕು. ಆದರೆ ಪಣತಿಯಲ್ಲಿ ಇರುವುದು ನೀರಲ್ಲ, ಎಣ್ಣೆ. ಮೇಣಕ್ಕೆ ಎಣ್ಣೆ ಪರಕೀಯವಲ್ಲ. ಮೇಣವಿರುವ ಎಳೆಗೆ ಎಣ್ಣೆ ತಾನಾಗಿ ಅಂಟಿಕೊಂಡು ಏರುತ್ತದೆ, ನೀರು ದೂರ ನಿಲ್ಲುತ್ತದೆ. ಸಮೆ ತೊಳೆದು ಸರಿಯಾಗಿ ಒರೆಸದೆ ಎಣ್ಣೆ ಹಾಕಿದ ದಿನ ದೀಪ ಚಟಚಟ ಎನ್ನುವುದನ್ನು ಕೇಳಿದ್ದೀರಲ್ಲ. ತಳದಲ್ಲಿ ಉಳಿದ ಹನಿ ನೀರನ್ನು ಬತ್ತಿ ಎಳೆದುಕೊಂಡು ಜ್ವಾಲೆಗೆ ಒಯ್ಯುವ ಸದ್ದು ಅದು. ಹಸಿ ಅರಳಿಯ ಬತ್ತಿಯಲ್ಲಿ ಈ ಕಾಟ ಕಡಿಮೆ.

ಆಸ್ಪತ್ರೆಯ ಹತ್ತಿಗೆ ಇನ್ನೊಂದು ದೋಷವೂ ಇದೆ. ನೂಲಿನ ಗಿರಣಿಗಳಲ್ಲಿ ಉದ್ದ ಎಳೆಯನ್ನು ಬಾಚಿ ತೆಗೆದುಕೊಂಡ ಮೇಲೆ ಉಳಿಯುವ ತುಂಡು ಎಳೆಗಳಿಂದ ಅದನ್ನು ಮಾಡುವುದು ಹೆಚ್ಚು. ಆ ತುಂಡುಗಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ. ಹೊಸೆದ ಬತ್ತಿ ಎಣ್ಣೆಯಲ್ಲಿ ಮೆತ್ತಗಾಗಿ ಮೂತಿಯಿಂದ ಜಾರುತ್ತದೆ, ಎಳೆ ಬಿಟ್ಟು ಎಣ್ಣೆಯ ಮೇಲೆ ತೇಲುತ್ತದೆ.

ನಗರದ ಹುಡುಗರು ಸುತ್ತು ತಂತಿಯ ನಡುವೆ ಹತ್ತಿ ತೂರಿಸಿ ಆವಿ ಎಳೆಯುವ ಇ-ಸಿಗರೇಟಿನ ವಿಷಯದಲ್ಲೂ ಇದೇ ಚರ್ಚೆ ನಡೆಯುತ್ತದೆ: ಗಾಜಿನೆಳೆಯ ಹಗ್ಗವೋ, ರೇಯಾನೋ, ಜಪಾನಿನ ಹತ್ತಿಯೋ ಎಂದು. ಆ ಸಾಧನವನ್ನು ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿತು, 2019ರಲ್ಲಿ ಕೇಂದ್ರದ ಕಾಯ್ದೆ ಬಂತು. ಎರಡೂ ಆದದ್ದು ಒಳ್ಳೆಯದೇ. ಅವರು ಹತ್ತಿಯನ್ನು ಕುದಿಸಿ ಮೇಣ ತೆಗೆಯುವುದಕ್ಕೆ ಮಾತ್ರ ಕಾರಣವಿದೆ. ಅವರ ದ್ರವ ಗ್ಲಿಸರಿನ್ ಜಾತಿಯದು, ನೀರಿನೊಂದಿಗೆ ಬೆರೆಯುವಂಥದ್ದು. ಮೇಣವಿದ್ದರೆ ಅದು ಒಳಗೆ ಇಳಿಯುವುದೇ ಇಲ್ಲ. ಅಂದರೆ ಬತ್ತಿಯ ಗುಣವನ್ನು ಬತ್ತಿಯೊಂದನ್ನೇ ನೋಡಿ ಹೇಳಲಾಗದು, ಅದು ಏನನ್ನು ಕುಡಿಯಬೇಕು ಎಂದು ಮೊದಲು ಕೇಳಬೇಕು. ಬಿಳಿ ಹತ್ತಿಯ ಪಂಗಡ ಕೇಳದೇ ಬಿಟ್ಟದ್ದು ಇದೊಂದೇ ಪ್ರಶ್ನೆ.

ಹತ್ತಿಯಲ್ಲದ ಬತ್ತಿಗಳ ಮಾತನ್ನು ಬೇಗ ಮುಗಿಸುತ್ತೇನೆ. ಬಿಳಿ ಎಕ್ಕದ ಅರಳಿ ರೇಷ್ಮೆಯಂತೆ ಹೊಳೆಯುತ್ತದೆ, ಆದರೆ ಎಳೆ ನುಣುಪು, ಪೆಡಸು. ಹೊಸೆದರೆ ಹಿಡಿತವಿಲ್ಲ. ಹತ್ತಿಯ ಜೊತೆ ಬೆರೆಸಿದರೆ ನಿಲ್ಲುತ್ತದೆ, ಒಂಟಿಯಾಗಿ ನಿಲ್ಲದು. ಬೂರುಗದ ಅರಳಿಯೂ ಹಾಗೇ. ಒಳಗೆಲ್ಲ ಟೊಳ್ಳು, ಎಣ್ಣೆಯನ್ನು ಚೆನ್ನಾಗಿಯೇ ಹೀರುತ್ತದೆ, ಆದರೆ ಭಗ್ಗನೆ ಉರಿದು ಮುಗಿಯುತ್ತದೆ. ತಾವರೆ ನಾರು, ಬಾಳೆ ನಾರು ಎಂದು ಮಾರುವ ಬತ್ತಿಗಳನ್ನು ಬಿಚ್ಚಿ ನೋಡಿದರೆ ಬಹಳ ಸಲ ಬಣ್ಣ ಹಾಕಿದ ಹತ್ತಿಯೇ ಸಿಗುತ್ತದೆ. ಅಗ್ಗದ ಪೊಟ್ಟಣಗಳಲ್ಲಿ ಪಾಲಿಯೆಸ್ಟರ್ ಬೆರಕೆ ಇದೆಯೇ ಎಂಬ ಸಂಶಯ ಬಂದರೆ ಒಂದು ಬತ್ತಿಯನ್ನು ಎಣ್ಣೆ ಇಲ್ಲದೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ. ಬೆರಕೆಯಾದರೆ ಸುರುಟಿಕೊಂಡು ಕರಗಿ, ಆರಿದ ಮೇಲೆ ಗಟ್ಟಿ ಮಣಿ ಉಳಿಯುತ್ತದೆ. ಅಂಥದ್ದನ್ನು ದೇವರ ಕೋಣೆಯಲ್ಲಿ ಹಚ್ಚಬೇಡಿ.

ಹಳೆಯ ಧೋತರದ ಕಾಕಡಾಗೆ ಮಾತ್ರ ನಾನು ತಲೆಬಾಗುತ್ತೇನೆ. ಆರತಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಬಟ್ಟೆ ಹಳೆಯದೇ ಆಗಿರಬೇಕು. ಹೊಸದರಲ್ಲಿ ಮಗ್ಗದ ಗಂಜಿ ಎಳೆಗಳ ನಡುವೆ ಕುಳಿತು ಎಣ್ಣೆಯ ದಾರಿ ಕಟ್ಟುತ್ತದೆ.

ಇನ್ನು ಹತ್ತಿಯಲ್ಲೇ ಯಾವ ಹತ್ತಿ? ಜವಾರಿ ಹತ್ತಿ ಎನ್ನುವುದು ನನ್ನ ತೀರ್ಪು. ಬತ್ತಿಯಲ್ಲಿ ಎಣ್ಣೆ ಏರುವುದು ಎಳೆಯ ಒಳಗಿನಿಂದಲ್ಲ, ಎಳೆ ಎಳೆಗಳ ನಡುವಿನ ಸಂದಿನಿಂದ. ಸಂದು ಕಿರಿದಾದಷ್ಟೂ ಎಣ್ಣೆ ಎತ್ತರಕ್ಕೆ ಏರಬಲ್ಲದು, ಆದರೆ ಅಷ್ಟೇ ನಿಧಾನವಾಗಿ ಹರಿಯುತ್ತದೆ. ಪಣತಿಯ ಬತ್ತಿ ಎತ್ತರ ಏರಬೇಕಾಗಿಲ್ಲ, ಮೂತಿಯ ಮೇಲೆ ಮಲಗಿರುತ್ತದೆ. ಅದಕ್ಕೆ ಬೇಕಾದದ್ದು ಹರಿವು. ಜಯಧರದಂಥ ಜವಾರಿ ತಳಿಯ ಎಳೆ ಗಿಡ್ಡ, ಒರಟು. ಹೊಸೆದರೂ ನಡುವೆ ಸಂದು ಉಳಿಯುತ್ತದೆ, ಅಂಟಾದ ಔಡಲೆಣ್ಣೆಗೂ ದಾರಿ ಸಿಗುತ್ತದೆ. ಉದ್ದ ಎಳೆಯ ನಯವಾದ ಹತ್ತಿ ಬಟ್ಟೆಗೆ ಭೂಷಣ. ಬತ್ತಿಯಾದಾಗ ಅದು ಒತ್ತೊತ್ತಾಗಿ ಕೂತು ಜ್ವಾಲೆಯನ್ನು ಹಸಿವಿನಲ್ಲಿ ಇಡುತ್ತದೆ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಎಂಬ ಉದ್ದ ಎಳೆಯ ತಳಿ ಬಂದಾಗ ನಾಡಿನ ನೇಕಾರಿಕೆಗೆ ದೊಡ್ಡ ಉಪಕಾರವಾಯಿತು. 2002ರಲ್ಲಿ ಅಪ್ಪಣೆ ಸಿಕ್ಕ ಮೇಲೆ ಬಿಟಿ ಬಂದು ಎರಿಹೊಲವನ್ನೆಲ್ಲ ಹಿಡಿಯಿತು. ರೈತ ಇಳುವರಿ ನೋಡುವುದರಲ್ಲಿ ತಪ್ಪಿಲ್ಲ. ಆದರೆ ಹೊಲದ ಬದುವಿನಲ್ಲಿ ಇದ್ದ ನಾಲ್ಕು ಜವಾರಿ ಗಿಡ, ಹಿತ್ತಲಲ್ಲಿ ವರ್ಷಗಟ್ಟಲೆ ನಿಂತು ಕಾಯಿ ಕೊಡುತ್ತಿದ್ದ ದೇವಹತ್ತಿ ಹೋದದ್ದಕ್ಕೆ ಇಳುವರಿಯ ಕಾರಣ ಸಾಲದು. ಅವು ಮಾರಲು ಬೆಳೆದವಲ್ಲ.

ಜವಾರಿ ಸಿಗದವರು ಜಿನ್ನಿಂಗ್ ಮಿಲ್ಲಿನಲ್ಲಿ ಕಾಳು ಬಿಡಿಸಿದ ಅರಳಿಯನ್ನು ಕೇಳಿ ತರಲಿ. ಅದರಲ್ಲಿ ಎಲೆಚೂರು, ಸಿಪ್ಪೆ ಇರುತ್ತದೆ. ಕೈಯಿಂದ ಆರಿಸಿ ತೆಗೆಯಬೇಕು. ಬಣ್ಣ ಕೆನೆಯಂತೆ, ಸ್ವಲ್ಪ ಮಾಸಲು. ಅದೇ ಸರಿಯಾದ ಬಣ್ಣ.

ಹೊಸೆಯುವ ಕೈಯ ಬಗ್ಗೆ ನಮ್ಮ ಓಣಿಯ ಆಯಿಯೊಬ್ಬರಿಂದ ಕಲಿತದ್ದನ್ನು ಇಲ್ಲಿ ಬರೆದಿಡುತ್ತೇನೆ. ಅರಳಿಯನ್ನು ಎರಡೂ ಕೈಯಿಂದ ಹಿಂಜಿ ಅಂಗೈ ಅಗಲಕ್ಕೆ ಹಾಸುತ್ತಾರೆ, ಬೆಳಕಿಗೆ ಹಿಡಿದು ಗಂಟು ಕಂಡರೆ ಕಿತ್ತು ಹಾಕುತ್ತಾರೆ. ನಡುವೆ ಮಡಚಿ, ತೊಡೆಯ ಮೇಲೆ ಒಂದೇ ದಿಕ್ಕಿಗೆ ಎರಡು ಉರುಳು. ಹೆಬ್ಬೆರಳು ತೋರುಬೆರಳಿಗೆ ಒಂದಿಷ್ಟು ವಿಭೂತಿ ಹಚ್ಚಿ ತುದಿಯನ್ನಷ್ಟೇ ಗಟ್ಟಿ ತಿರುವುತ್ತಾರೆ, ಉಳಿದದ್ದು ಸಡಿಲ. ನಾನು ಉದ್ದಕ್ಕೂ ಬಿಗಿ ತಿರುವಿದಾಗ ಅವರು ಕೈ ಹಿಡಿದು ಹೇಳಿದರು: “ತಮ್ಮಾ, ಅಷ್ಟು ಬಿಗಿ ಮಾಡಬ್ಯಾಡ. ಹಗ್ಗ ಹೊಸಿಯಾಕ ಹತ್ತೀಯೇನು? ಎಣ್ಣಿಗಿ ದಾರಿ ಬಿಡು.” ಬತ್ತಿಯ ಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಸೂತ್ರ ನನಗೆ ಗೊತ್ತಿಲ್ಲ. ಬಿಗಿಯಾದರೆ ಜ್ವಾಲೆ ಸಣ್ಣಗಾಗಿ ತುದಿ ಕುಡಿ ಕಟ್ಟುತ್ತದೆ. ತೀರ ಸಡಿಲವಾದರೆ ಎಣ್ಣೆ ಉಕ್ಕಿ ಕರಿ ಹೊಗೆ. ದಪ್ಪ ಬತ್ತಿ ಹೆಚ್ಚು ಹೊತ್ತು ಉರಿಯುತ್ತದೆ ಎನ್ನುವುದು ಬರಿ ಮಾತು. ಅದು ಹೆಚ್ಚು ಎಣ್ಣೆ ಕುಡಿದು ಗೋಡೆಗೆ ಮಸಿ ಹಚ್ಚುತ್ತದೆ.

ತುಪ್ಪಕ್ಕೆ ಹೂಬತ್ತಿಯೇ ಏಕೆ ಎಂದು ಹಲವರು ಕೇಳುತ್ತಾರೆ. ತಣ್ಣಗಾದ ತುಪ್ಪ ಗಟ್ಟಿ, ಅದು ಏರುವುದಿಲ್ಲ. ಕಾಸಿದ ತುಪ್ಪದಲ್ಲಿ ಅದ್ದಿದ ಹೂಬತ್ತಿ ನೆಟ್ಟಗೆ ನಿಂತು, ತನ್ನ ಜ್ವಾಲೆಯ ಬಿಸಿಯಿಂದಲೇ ಸುತ್ತಲಿನ ತುಪ್ಪ ಕರಗಿಸಿಕೊಂಡು ಉಣ್ಣುತ್ತದೆ. ಇಲ್ಲಿಗೆ ಬಂದಾಗಲೆಲ್ಲ ನನಗೆ ಮೈಕೆಲ್ ಫ್ಯಾರಡೆ ನೆನಪಾಗುತ್ತಾರೆ. ಈ ಹವ್ಯಾಸದವರು ಓದಲೇಬೇಕಾದ ಪುಸ್ತಕ ಅವರ ಮೇಣದಬತ್ತಿಯ ಉಪನ್ಯಾಸಗಳು. 1860ರ ಡಿಸೆಂಬರ್ ಕೊನೆಗೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಆರಂಭವಾಗಿ ಹೊಸ ವರ್ಷದ ಜನವರಿಗೆ ಮುಗಿದ ಆರು ಉಪನ್ಯಾಸಗಳು, ಕೇಳುಗರು ಮಕ್ಕಳು. ಗಟ್ಟಿ ಮೇಣ ಬತ್ತಿಯ ತುದಿಗೆ ಹೇಗೆ ತಲುಪಿತು ಎಂದು ಅವರು ಕೇಳುತ್ತಾರೆ. ಜ್ವಾಲೆಯ ಬುಡದಲ್ಲಿ ಮೇಣ ಕರಗಿ ಪುಟ್ಟ ಬಟ್ಟಲಾಗುವುದನ್ನು, ಸುತ್ತಲಿಂದ ಏರುವ ತಂಗಾಳಿ ಆ ಬಟ್ಟಲಿನ ಅಂಚನ್ನು ಗಟ್ಟಿಯಾಗಿ ಉಳಿಸುವುದನ್ನು ತೋರಿಸುತ್ತಾರೆ. ಆಮೇಲೆ ಉಪ್ಪಿನ ಕಂಬವೊಂದನ್ನು ತಟ್ಟೆಯಲ್ಲಿಟ್ಟು ನೀಲಿ ಬಣ್ಣ ಬೆರೆಸಿದ ಉಪ್ಪುನೀರು ಸುರಿಯುತ್ತಾರೆ. ನೀಲಿ ಮೆಲ್ಲಗೆ ಕಂಬ ಹತ್ತುತ್ತದೆ. ಕೈ ಒರೆಸಿದ ಟವೆಲನ್ನು ನೀರಿನ ಬೋಗುಣಿಯ ಅಂಚಿಗೆ ಹಾಕಿ ಮರೆತ ಮಕ್ಕಳ ಮನೆಯಲ್ಲಿ ನೀರೆಲ್ಲ ನೆಲಕ್ಕೆ ಇಳಿದಿರುವುದೂ ಇದೇ ಕಾರಣಕ್ಕೆ ಎನ್ನುತ್ತಾರೆ. ಉರಿಯುವ ಮೇಣದಬತ್ತಿಯನ್ನು ತಲೆಕೆಳಗು ಹಿಡಿದರೆ ಏಕೆ ಆರುತ್ತದೆ ಎಂಬುದಕ್ಕೂ ಅಲ್ಲಿ ಉತ್ತರವಿದೆ: ಕರಗಿದ ಮೇಣ ಬಿಸಿಯಾಗಿ ಆವಿಯಾಗಲು ಪುರಸೊತ್ತಿಲ್ಲದಷ್ಟು ಬೇಗ ಬತ್ತಿಗೆ ಹರಿದು ಬರುತ್ತದೆ. ಆಯಿಯ ಸೂತ್ರದ ಇನ್ನೊಂದು ಮಗ್ಗುಲು ಇದೇ. ದಾರಿ ಬಿಡಬೇಕು, ಪ್ರವಾಹ ಬಿಡಬಾರದು.

ಸೀಮೆಎಣ್ಣೆ ತೆಳು, ಅದಕ್ಕೇ ಕಂದೀಲಿನ ಬತ್ತಿ ಅಷ್ಟು ಎತ್ತರ ಎಳೆದುಕೊಳ್ಳಬಲ್ಲದು. ಬೀಜದ ಎಣ್ಣೆಗೆ ಆ ಶಕ್ತಿ ಇಲ್ಲ. ಎಣ್ಣೆಯ ಮಟ್ಟ ಇಳಿದಂತೆ ಜ್ವಾಲೆ ಸೊರಗುವುದರಿಂದಲೇ ಪಣತಿ ಆಳವಿಲ್ಲದೆ ಅಗಲವಾಗಿದೆ. ಆಳದ ಗಾಜಿನ ಲೋಟದ ದೀಪಗಳನ್ನು ಕೊಳ್ಳುವ ಮುನ್ನ ಇದನ್ನು ಯೋಚಿಸಿ.

ನಮ್ಮ ಕಡೆಯವರಿಗೆ ಇನ್ನೊಂದು ಎಚ್ಚರ. ಕುಸುಬಿ ಎಣ್ಣೆ ಗಾಳಿಗೆ ಬಿಟ್ಟರೆ ಜಿಗಟಾಗಿ ಒಣಗುವ ಜಾತಿಯದು, ಬಣ್ಣ ತಯಾರಿಸಲೂ ಅದನ್ನು ಬಳಸುತ್ತಾರೆ. ನಿನ್ನೆಯ ಬತ್ತಿಯ ಸಂದುಗಳಲ್ಲಿ ಅದು ಅಂಟಾಗಿ ಕೂತಿರುತ್ತದೆ. ಕುಸುಬಿ ಹಾಕುವವರು ದಿನವೂ ಬತ್ತಿ ಬದಲಿಸಬೇಕು. ಔಡಲೆಣ್ಣೆ ಹೀಗೆ ಒಣಗುವುದಿಲ್ಲ, ಕುಡಿ ಚಿವುಟಿ ಅದೇ ಬತ್ತಿಯನ್ನು ಮರುದಿನವೂ ಹಚ್ಚಬಹುದು. ಇದು ಮುಂದಿನ ವಾರದ ಮಾತಾಯಿತು, ಇರಲಿ.

ಶಹಾಪುರ, ಸುರಪುರ ತಾಲ್ಲೂಕುಗಳ ಹತ್ತಿ ಹೊಲದವರಲ್ಲಿ ನನ್ನದೊಂದು ಕೋರಿಕೆ. ಈ ಸಲದ ಮೊದಲ ಬಿಡಿಯಿಂದ ಒಂದು ಹಿಡಿ ಹತ್ತಿಯನ್ನು ಮಾರದೆ ಮನೆಗೆ ಒಯ್ಯಿರಿ, ಕಾರ್ತಿಕದ ದೀಪ ಅದರಿಂದಲೇ ಆಗಲಿ. ಜವಾರಿ ಹತ್ತಿಯ ಕಾಳಾಗಲಿ, ಹಿತ್ತಲ ದೇವಹತ್ತಿಯ ಗಿಡವಾಗಲಿ ಇನ್ನೂ ಉಳಿಸಿಕೊಂಡವರು ಯಾರಾದರೂ ಇದ್ದರೆ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಕಾಳು ಕೇಳುವವರು ನಮ್ಮ ಊರಿನಲ್ಲಿ ಇದ್ದಾರೆ.